ಉಳುವವನಿಗೆ ಗದ್ದೆ ಬಂತು, ತೋಟದ ಆಳಿಗೆ ಲೈನ್ ಮನೆಯೂ ದಕ್ಕಲಿಲ್ಲ!

(ಕೂಳೂರಿನಲ್ಲಿ ಕನ್ನಡ ತರುಣ ತರುಣಿಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ಈ ಸಭೆ ಮುಗಿದ ಮೇಲೆ ಬಸ್ಸಿಗೆ ಕಾಯುವಾಗ ಹೆದ್ದಾರಿಯ ಕಡೆ ಸ್ವಲ್ಪ ನೋಡಿ. ಕೂಳೂರಿನ ಸೇತುವೆಯ ಮೇಲೆ ಸಾಲುಗಟ್ಟಿ ನಿಂತ ಲಾರಿಗಳಿಗೆ ನೀವು ದಿನಾ ಶಾಪ ಹಾಕುತ್ತೀರಿ, ಕಾಲೇಜಿಗೆ ತಡವಾಯಿತು, ಡ್ಯೂಟಿಗೆ ತಡವಾಯಿತು ಎಂದು. ಆ ಲಾರಿಗಳ ಒಳಗೆ ಏನಿದೆ ಎಂದು ಯಾವತ್ತಾದರೂ ಕೇಳಿದ್ದೀರಾ? ಘಟ್ಟ ಇಳಿದು ಬಂದ ಕಾಫಿ ಪಣಂಬೂರಿನ ಬಂದರಿಗೆ ಹೋಗುವುದು ಈ ದಾರಿಯಲ್ಲೇ. ಪಕ್ಕದ ಎಂಸಿಎಫ್‌ನಿಂದ ಗೊಬ್ಬರದ ಚೀಲ ಹೊರಡುವುದೂ ಇದೇ ದಾರಿಯಲ್ಲೇ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ನಮ್ಮ ಕರ್ನಾಟಕದಲ್ಲಿ, ಅದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಕಾಫಿ ಯಾರದ್ದು ಅಂದರೆ ಕನ್ನಡ ನಾಡಿನದ್ದು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಸರಿ. ಆದರೆ ಕೊಯ್ದವರು ಯಾರು?

ಈ ಪ್ರಶ್ನೆ ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರ ಮುಖ ಬಿಗಿಯುತ್ತದೆ, ಗೊತ್ತು. “ಕೊಯ್ಯುವವರು ಅಸ್ಸಾಮಿನವರು, ಬಂಗಾಳಿಗಳು. ರಬ್ಬರಿನಲ್ಲಿ ತಮಿಳರು, ಮಲಯಾಳಿಗಳು. ನಮ್ಮವರಿಗೆ ಎಲ್ಲಿದೆ ಕೆಲಸ? ಮೊದಲು ಇವರನ್ನು ಓಡಿಸಬೇಕು.” ಈ ಮಾತು ನಾನು ಕೇಳದ್ದಲ್ಲ. ನಮ್ಮ ಸಭೆಗಳಲ್ಲೇ ಕೇಳಿದ್ದೇನೆ, ಚಪ್ಪಾಳೆ ಬಿದ್ದದ್ದನ್ನೂ ನೋಡಿದ್ದೇನೆ. ಇವತ್ತು ನಾನು ಆ ಚಪ್ಪಾಳೆಗೆ ಅಡ್ಡ ಮಾತಾಡಲು ಬಂದಿದ್ದೇನೆ. ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ಮೊದಲು ನಮ್ಮ ಊರಿನ ಕತೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ “ಡಿಕ್ಲರೇಶನ್‌ನಲ್ಲಿ ಬಂದ ಜಾಗ” ಎಂಬ ಮಾತಿದೆ? ಕೈ ಎತ್ತಿ. ನೋಡಿ, ಅರ್ಧಕ್ಕರ್ಧ! ಆದರೆ ಆ ಡಿಕ್ಲರೇಶನ್ ಏನು ಎಂದು ಕೇಳಿದರೆ ಹೇಳಲು ಹತ್ತು ಜನ ಸಿಗುವುದಿಲ್ಲ. ನಿಮ್ಮ ತಪ್ಪಲ್ಲ. ಇದನ್ನು ಶಾಲೆಯಲ್ಲಿ ಹೇಳಿಕೊಟ್ಟವರಿಲ್ಲ.

ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಕೈಕೆಳಗಿದ್ದ ಜಿಲ್ಲೆ. ಇಲ್ಲಿ ಭೂಮಿಯ ಒಡೆಯ ಮೂಲವರ್ಗದಾರ. ಅವನ ಕೆಳಗೆ ಮೂಲಗೇಣಿ, ಅಂದರೆ ತಲೆತಲಾಂತರಕ್ಕೆ ನಿಗದಿಯಾದ ಗೇಣಿ. ಅದರ ಕೆಳಗೆ ಚಾಲಗೇಣಿ. ಚಾಲಗೇಣಿಯವನ ಹಣೆಬರಹ ಧಣಿಯ ನಾಲಗೆಯ ಮೇಲೆ. ಇವತ್ತು ಉಳು ಅಂದರೆ ಉಳಬೇಕು, ನಾಳೆ ಏಳು ಅಂದರೆ ಏಳಬೇಕು. ಗೇಣಿ ಕಟ್ಟುವುದು ಅಕ್ಕಿಯಲ್ಲಿ, ಮುಡಿ ಲೆಕ್ಕದಲ್ಲಿ. ಒಂದು ಮುಡಿ ಅಂದರೆ 42 ಸೇರು. ಬೈಹುಲ್ಲಿನಲ್ಲಿ ಉಂಡೆ ಕಟ್ಟಿ, ತಲೆ ಮೇಲೆ ಹೊತ್ತು, ಧಣಿಯ ಅಂಗಳಕ್ಕೆ ಮುಟ್ಟಿಸಬೇಕು. ಅದರ ಮೇಲೆ ಬುಳೆಕಾಣಿಕೆ. ಹಬ್ಬಕ್ಕೆ ಸೌತೆಕಾಯಿ, ಬಾಳೆಗೊನೆ. ಮಳೆ ಹೆಚ್ಚಾಗಿ ಬೆಳೆ ಕೊಳೆತರೂ ಗೇಣಿ ಕೊಳೆಯುವುದಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದರು: ಧಣಿಯ ಮನೆಯ ಅಕ್ಕಿಯನ್ನು ಅಳೆಯುವಾಗ ಒಕ್ಕಲಿನವನು ಉಸಿರೂ ಬಿಡಬಾರದು, ಬಿಟ್ಟರೆ ಕಾಳು ಹಾರುತ್ತದಂತೆ!

ಅಳತೆಯ ಜಗಳ ಸಣ್ಣದಲ್ಲ, ತಮ್ಮಾ. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ದೀವರು ಎದ್ದು ನಿಂತದ್ದು ಇಂಥದ್ದೇ ಅಳತೆಯ ಕೊಳಗದ ವಿಚಾರಕ್ಕೆ. ಶಾಂತವೇರಿ ಗೋಪಾಲಗೌಡರು ಅಲ್ಲಿಗೆ ಹೋದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ಕರಾವಳಿಯಲ್ಲಿ ಬಿ.ವಿ. ಕಕ್ಕಿಲ್ಲಾಯರಂಥವರು ಗೇಣಿದಾರರ ಪರವಾಗಿ ವರ್ಷಗಟ್ಟಲೆ ಹೋರಾಡಿದರು. ಮೈಸೂರು ರಾಜ್ಯದ ಭೂಸುಧಾರಣೆ ಕಾಯ್ದೆ 1961ರದ್ದು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿಯ ದಿನವೇ ಬಂದರೂ ಅದರಲ್ಲಿ ಧಣಿಗಳಿಗೆ ತಪ್ಪಿಸಿಕೊಳ್ಳುವ ಕಿಂಡಿಗಳೇ ಹೆಚ್ಚು. ಕಿಂಡಿ ಮುಚ್ಚಿದವರು ದೇವರಾಜ ಅರಸು. ಅವರ ತಿದ್ದುಪಡಿಯಂತೆ 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂ. 7 ಹಾಕಬೇಕು, ಭೂನ್ಯಾಯ ಮಂಡಳಿ ವಿಚಾರಿಸಬೇಕು. ಈ ಫಾರಂ ಹಾಕುವುದನ್ನೇ ನಿಮ್ಮ ಅಜ್ಜ “ಡಿಕ್ಲರೇಶನ್ ಹಾಕಿದೆ” ಎಂದದ್ದು. ಇದೇ ಸುರತ್ಕಲ್ ಕ್ಷೇತ್ರದ ಶಾಸಕರಾಗಿದ್ದ ಬಿ. ಸುಬ್ಬಯ್ಯ ಶೆಟ್ಟರು ಅರಸು ಸಂಪುಟದಲ್ಲಿ ಭೂಸುಧಾರಣೆಯ ಹೊಣೆ ಹೊತ್ತಿದ್ದರು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿ ಬಿದ್ದವು. ಅದರಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಪಾಲು ಬಹಳ ದೊಡ್ಡದು.

ಇಲ್ಲೊಂದು ವಿಷಯವನ್ನು ನೀವು, ಕನ್ನಡದ ಹಕ್ಕು ಕೇಳುವವರು, ಗಮನಿಸಬೇಕು. ಆ ಮಂಡಳಿಯ ಮುಂದೆ ಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ಉಪವಿಭಾಗಾಧಿಕಾರಿ ಅಧ್ಯಕ್ಷ. ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಒಕ್ಕಲಿನವನು ಎದುರು ನಿಂತು ತನ್ನ ಬಾಯಲ್ಲಿ ಹೇಳಬೇಕು, ಗದ್ದೆಯ ಹೆಸರೇನು, ನೀರು ಎಲ್ಲಿಂದ, ಪಕ್ಕದ ಗದ್ದೆ ಯಾರದ್ದು, ಎಷ್ಟು ಮುಡಿ ಗೇಣಿ. ಇಂಗ್ಲಿಷಿನ ಅರ್ಜಿ ಬರೆದು ಹೆದರಿಸುವ ಆಟ ಅಲ್ಲಿ ನಡೆಯಲಿಲ್ಲ. ನಾಲ್ಕು ತಲೆಮಾರು ಧಣಿಯ ಮುಂದೆ ಬಾಯಿ ತೆರೆಯದವನು ಸರಕಾರದ ಕುರ್ಚಿಯ ಮುಂದೆ ತನ್ನ ಮಾತಿನಲ್ಲಿ ಮಾತಾಡಿ ಭೂಮಿ ಗೆದ್ದ. ಭಾಷೆಯ ಹಕ್ಕು ಅಂದರೆ ಇದು ಮಾರಾಯ್ರೇ! ಬೋರ್ಡಿಗೆ ಮಸಿ ಬಳಿಯುವುದು ಇದರ ಮುಂದೆ ಏನೂ ಅಲ್ಲ.

ಆದರೆ ಯಾರಿಗೆ ಬಂತು ಭೂಮಿ? ಗೇಣಿಗೆ ಹಿಡಿದವನಿಗೆ. ಬಿಲ್ಲವರು, ಬಂಟರು, ಗೌಡರು, ಕ್ರೈಸ್ತರು, ಮುಸ್ಲಿಮರು, ಒಕ್ಕಲಾಗಿದ್ದವರು ಎದ್ದು ನಿಂತರು. ಒಳ್ಳೆಯದೇ ಆಯಿತು, ಇದಕ್ಕೆ ಯಾರೂ ಕಲ್ಲು ಹೊಡೆಯಬೇಡಿ. ಆದರೆ ಆ ಗದ್ದೆಯ ಕೆಸರಿನಲ್ಲಿ ನಿಜವಾಗಿ ಬೆನ್ನು ಬಗ್ಗಿಸಿದವನು ಬಹಳ ಕಡೆ ಒಕ್ಕಲಿನವನೂ ಅಲ್ಲ. ಅವನು ಒಕ್ಕಲಿನವನ ಆಳು, ಇಲ್ಲವೇ ಧಣಿಯ ಮೂಲದ ಆಳು. ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ 1801ರ ಹೊತ್ತಿಗೆ ಕೆನರಾದಲ್ಲಿ ತಿರುಗಾಡಿದಾಗ ಇಲ್ಲಿ ಆಳುಗಳನ್ನು ಮಾರುವ, ಅಡವಿಡುವ ಪದ್ಧತಿಯನ್ನು ಕಂಡು ಬರೆದಿಟ್ಟ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಕಾಗದದಲ್ಲಿ ತಪ್ಪಿತು, ಅಂಗಳದಲ್ಲಿ ಉಳಿಯಿತು. ಆ ಆಳಿನ ಹೆಸರಿನಲ್ಲಿ ಗೇಣಿ ಚೀಟು ಇರಲಿಲ್ಲ. ಚೀಟು ಇಲ್ಲದವನು ಫಾರಂ ನಂ. 7 ಹಾಕುವುದು ಹೇಗೆ? ಕೊರಗರು, ಮೊಗೇರರು, ಮನ್ಸರು, ಬಾಕುಡರು ಗದ್ದೆಯ ಬದಿಯಲ್ಲೇ ನಿಂತು, ಗದ್ದೆ ಒಬ್ಬ ಧಣಿಯಿಂದ ಇನ್ನೊಬ್ಬ ಧಣಿಗೆ ಹೋಗುವುದನ್ನು ನೋಡಿದರು.

ಕಾಯ್ದೆ ಅವರನ್ನು ಪೂರ್ತಿ ಮರೆಯಿತೆಂದರೆ ಅದೂ ಸುಳ್ಳು. 38ನೇ ಕಲಮು ಎಂದೊಂದಿದೆ. ಇನ್ನೊಬ್ಬನ ಭೂಮಿಯಲ್ಲಿ ಮನೆ ಕಟ್ಟಿಕೊಂಡು ವಾಸವಿರುವ ಕೃಷಿ ಕಾರ್ಮಿಕನಿಗೆ ಆ ಮನೆ, ಅದರ ಅಡಿಯ ಜಾಗ, ಸುತ್ತಲಿನ ಸ್ವಲ್ಪ ಹಿತ್ತಿಲು ಸಿಗಬೇಕು. ಐದು ಸೆಂಟ್ಸೋ ಹತ್ತು ಸೆಂಟ್ಸೋ, ಹೇಗೂ ಒಂದು ನೆಲೆ. ನೆಲೆ ಇದ್ದವನು ಕೂಲಿ ಚೌಕಾಸಿ ಮಾಡಬಲ್ಲ. “ಇಷ್ಟಕ್ಕೆ ಬರುವುದಿಲ್ಲ” ಎನ್ನಬಲ್ಲ. ಕೇರಳದಲ್ಲಿ 1970ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಹಳ್ಳಿಯಾದರೆ ಹತ್ತು ಸೆಂಟ್ಸ್, ಪುರಸಭೆಯಾದರೆ ಐದು, ಮಹಾನಗರವಾದರೆ ಮೂರು ಎಂದು ಲೆಕ್ಕ ಹಾಕಿ ಕೊಟ್ಟರು. ಅಲ್ಲಿ ಕೂಲಿ ಏರಿದ್ದಕ್ಕೆ ಇದೂ ಒಂದು ಕಾರಣ.

ಈಗ ಬನ್ನಿ ತೋಟಕ್ಕೆ. ನಮ್ಮ ಕಾಯ್ದೆಯ 104ನೇ ಕಲಮು ಓದಿದ್ದೀರಾ? ಓದಿ. ಏಲಕ್ಕಿ, ಕೊಕ್ಕೋ, ಕಾಫಿ, ಕರಿಮೆಣಸು, ರಬ್ಬರ್, ಚಹಾ, ಇವು ‘ಪ್ಲಾಂಟೇಶನ್ ಬೆಳೆ’. ಇವುಗಳ ತೋಟಕ್ಕೆ ಭೂಮಿತಿ ಇಲ್ಲ. ಗದ್ದೆಯವನಿಗೆ ಇಷ್ಟೇ ಎಕರೆ ಎಂದು ಗೆರೆ ಹಾಕಿದ ಸರಕಾರ ಕಾಫಿ ತೋಟಕ್ಕೆ ಗೆರೆ ಹಾಕಲಿಲ್ಲ. ದೊಡ್ಡ ತೋಟ ಒಡೆದರೆ ಉತ್ಪತ್ತಿ ಕೆಡುತ್ತದೆ, ವಿದೇಶಿ ವಿನಿಮಯ ತಪ್ಪುತ್ತದೆ ಎಂಬ ವಾದ ಆಗ ಇತ್ತು. ಆ ವಾದವನ್ನು ಚರ್ಚಿಸೋಣ, ಅದರಲ್ಲಿ ಸ್ವಲ್ಪ ಹುರುಳಿದ್ದರೂ ಇರಲಿ. ಆದರೆ ಅದೇ ಕಲಮು ತೋಟಗಳನ್ನು 38ನೇ ಕಲಮಿನಿಂದಲೂ ಹೊರಗಿಟ್ಟಿತು! ಅಂದರೆ, ಗದ್ದೆಯ ಆಳಿಗೆ ಅವನ ಗುಡಿಸಲಿನ ಜಾಗವಾದರೂ ಸಿಗಬಹುದು. ತೋಟದ ಆಳಿಗೆ ಅವನು ಹುಟ್ಟಿದ, ಅವನ ಅಪ್ಪ ಸತ್ತ ಲೈನ್ ಮನೆಯ ಮೇಲೆ ಒಂದಂಗುಲ ಹಕ್ಕಿಲ್ಲ. ಕೆಲಸ ಇದ್ದರೆ ಮನೆ, ಕೆಲಸ ಬಿಟ್ಟರೆ ಬೀದಿ. ಒಂದು ಲೈನ್ ಮನೆಯ ಹತ್ತಡಿ ಕೋಣೆ ಕೊಟ್ಟರೆ ಎಷ್ಟು ಕ್ವಿಂಟಲ್ ಕಾಫಿ ಕಡಿಮೆಯಾಗುತ್ತಿತ್ತು? ಯಾರಾದರೂ ಲೆಕ್ಕ ಹಾಕಿ ತೋರಿಸಲಿ!

ಯಾರು ಆ ಲೈನ್ ಮನೆಗಳಲ್ಲಿ ಇದ್ದವರು? ಹಿಂದೆ, ಬ್ರಿಟಿಷ್ ದೊರೆಗಳು ಕೊಡಗು, ಚಿಕ್ಕಮಗಳೂರಿನಲ್ಲಿ ಕಾಡು ಕಡಿದು ಕಾಫಿ ನೆಟ್ಟಾಗ, ಆಳು ಬಂದದ್ದು ಎಲ್ಲಿಂದ? ಮೈಸೂರಿನ ಬಯಲಿನಿಂದ, ತಮಿಳು ಸೀಮೆಯಿಂದ, ಮತ್ತೆ ನಮ್ಮ ಈ ತುಳುನಾಡಿನಿಂದ! “ಘಟ್ಟಕ್ಕೆ ಹೋಗಿದ್ದಾನೆ” ಎಂಬ ಮಾತನ್ನು ನಿಮ್ಮ ಹಿರಿಯರಿಂದ ಕೇಳಿರಬೇಕು. ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ಮುಂಗಡ ತಿಂದು ಮುಗಿಸಿದವನು ಗುಂಪಿನಲ್ಲಿ ಘಾಟಿ ಹತ್ತುತ್ತಿದ್ದ. ಮಧ್ಯದಲ್ಲಿ ಓಡಿಬಂದರೆ? 1859ರ ಕರಾರು ಭಂಗ ಕಾಯ್ದೆಯಂತೆ ಮುಂಗಡ ಪಡೆದು ಕೆಲಸ ಬಿಟ್ಟವನು ಅಪರಾಧಿ, ಜೈಲಿಗೆ ಹಾಕಬಹುದು. ಆ ಕಾಯ್ದೆ ರದ್ದಾದದ್ದು 1925ರಲ್ಲಿ. ಘಟ್ಟದ ಮೇಲೆ ಚಳಿ, ಮಲೇರಿಯಾ, ತಿಳಿಯದ ಭಾಷೆ, ಮೇಸ್ತ್ರಿಯ ಕೈಯಲ್ಲಿ ಲೆಕ್ಕದ ಪುಸ್ತಕ. ಅವತ್ತಿನ ಘಟ್ಟದ ಧಣಿಗೆ ತುಳುವನೇ ಅಸ್ಸಾಮಿ, ತಮ್ಮಾ! ಅವನ ಉಡುಗೆ ನೋಡಿ, ಭಾಷೆ ಕೇಳಿ ನಕ್ಕವರು ಆಗಲೂ ಇದ್ದರು.

ಆಮೇಲೆ ತುಳುವ ಘಟ್ಟ ಹತ್ತುವುದು ನಿಂತಿತು. ಯಾಕೆ? ಹೊರಗಿನವನು ಬಂದು ಅವನ ಕೆಲಸ ಕಸಿದದ್ದರಿಂದ ಅಲ್ಲ. ಡಿಕ್ಲರೇಶನ್‌ನಲ್ಲಿ ಭೂಮಿ ಬಂತು, ಮನೆಯ ಹೆಂಗಸರಿಗೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಕೆಲಸ ಬಂತು, ಮಕ್ಕಳು ಬೊಂಬಾಯಿಯ ಹೋಟೆಲಿಗೆ, ಆಮೇಲೆ ಗಲ್ಫಿಗೆ ಹೋದರು. ಬಿಟ್ಟು ಹೋದ ಜಾಗಕ್ಕೆ ಇನ್ನೊಬ್ಬ ಬಂದ. ಗದ್ದೆ ಗೆದ್ದವರೂ ಭತ್ತ ಬಿಟ್ಟು ಅಡಿಕೆ ಹಾಕಿದರು. ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೋ ಕಟ್ಟಿದ ಮೇಲೆ ಅಡಿಕೆಗೆ ಬೆನ್ನೆಲುಬು ಬಂತು. ನಿನ್ನೆಯ ಒಕ್ಕಲಿನವನು ಇವತ್ತು “ಆಳು ಸಿಗುವುದಿಲ್ಲ ಮಾರಾಯ್ರೇ, ಸಿಕ್ಕಿದರೂ ಕೂಲಿ ವಿಪರೀತ” ಎನ್ನುವ ಧಣಿಯಾದ. ಅಜ್ಜ ಮುಡಿ ಹೊತ್ತದ್ದನ್ನು ಮೊಮ್ಮಗ ಮರೆಯಲು ಐವತ್ತು ವರ್ಷ ಸಾಕಾಯಿತು.

ಈಗ ಸುಳ್ಯ, ಪುತ್ತೂರು ಕಡೆಯ ತಮಿಳರ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಮ್ಮಲ್ಲಿ ತುಂಬಾ ತಪ್ಪು ತಿಳುವಳಿಕೆ ಇದೆ. “ತಮಿಳುನಾಡಿನಿಂದ ಬಂದು ಕೂತರು” ಎನ್ನುತ್ತಾರೆ. ಅವರು ತಮಿಳುನಾಡಿನಿಂದ ಬಂದವರಲ್ಲ. ಬ್ರಿಟಿಷರು ಅವರ ಅಜ್ಜ ಮುತ್ತಜ್ಜಂದಿರನ್ನು ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಕಂಗಾಣಿಗಳ ಮೂಲಕ ಸಾಗಿಸಿದರು. ಅಲ್ಲೇ ನಾಲ್ಕೈದು ತಲೆಮಾರು ಹುಟ್ಟಿ ಸತ್ತಿತು. ಸಿಲೋನಿಗೆ ಸ್ವಾತಂತ್ರ್ಯ ಬಂದ ವರ್ಷವೇ, 1948ರ ಪೌರತ್ವ ಕಾಯ್ದೆಯಿಂದ, ಅವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ರುಜು ಹಾಕಿದರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅರ್ಧರ್ಧ ಹಂಚಿಕೊಂಡರು. ದನದ ಸಂತೆಯಲ್ಲಿ ಹಂಚಿಕೊಂಡ ಹಾಗೆ! ನೀನು ಎಲ್ಲಿರುತ್ತೀ ಎಂದು ಆ ತೋಟದ ಆಳನ್ನು ಎರಡೂ ಸರಕಾರಗಳು ಮೊದಲು ಕೇಳಲಿಲ್ಲ.

ಹಾಗೆ ಹಡಗು ಹತ್ತಿಸಿದವರಲ್ಲಿ ಒಂದು ಪಾಲನ್ನು ನಮ್ಮ ರಾಜ್ಯದ ಪಾಲಿಗೆ ಕೊಟ್ಟರು. ಸುಳ್ಯ, ಪುತ್ತೂರಿನ ಕಾಡಿನಲ್ಲಿ ಸರಕಾರ ರಬ್ಬರ್ ನೆಟ್ಟಿತ್ತು, ನಿಗಮ ಮಾಡಿತು, ಆಳು ಬೇಕಿತ್ತು. ಸಿಲೋನಿನ ಲೈನ್ ಮನೆಯಿಂದ ಸುಳ್ಯದ ಲೈನ್ ಮನೆಗೆ. ಬೆಳಕು ಹರಿಯುವ ಮೊದಲೇ, ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆಂದು, ಕತ್ತಿ ಹಿಡಿದು ಮರದಿಂದ ಮರಕ್ಕೆ ಹೋಗಬೇಕು, ದಿನಕ್ಕೆ ಮುನ್ನೂರರಷ್ಟು ಮರ. ಸಿಪ್ಪೆಯನ್ನು ಎಷ್ಟು ಆಳ ಕೆತ್ತಬೇಕೆಂಬುದು ಕೈಗೇ ಗೊತ್ತಿರಬೇಕು. ಹೆಚ್ಚಾದರೆ ಮರಕ್ಕೆ ಗಾಯ, ಕಡಿಮೆಯಾದರೆ ಹಾಲಿಲ್ಲ. ಆಮೇಲೆ ಮತ್ತೆ ಅದೇ ಮರಗಳ ಬುಡಕ್ಕೆ ಹೋಗಿ ಚಿಪ್ಪಿನಿಂದ ಹಾಲು ಬಕೆಟಿಗೆ ಸುರಿದು ಹೊತ್ತು ತರಬೇಕು. ಈ ಕೆಲಸಕ್ಕೆ ಆ ದಿನಗಳಲ್ಲಿ ನಮ್ಮ ಊರಿನವರು ನಾ ಮುಂದು ತಾ ಮುಂದು ಎಂದು ಓಡಿಬಂದು, ತಮಿಳರು ಅಡ್ಡ ನಿಂತರೆ? ಇಲ್ಲ ಸ್ವಾಮಿ. ರಬ್ಬರ್ ಎಂಬ ಬೆಳೆಯೇ ನಮ್ಮವರಿಗೆ ಹೊಸದು. ತಿರುವಾಂಕೂರಿನಿಂದ ಬಂದು ಬೆಳ್ತಂಗಡಿ, ಸುಳ್ಯದ ಗುಡ್ಡ ಹತ್ತಿದ ಕ್ರೈಸ್ತ ಕೃಷಿಕರನ್ನು ನೋಡಿಯೇ ನಮ್ಮವರು ಅದನ್ನು ಕಲಿತದ್ದು.

ಆ ತಮಿಳರ ಮಕ್ಕಳು ಇವತ್ತು ಏನಾಗಿದ್ದಾರೆ? ನಮ್ಮ ಕನ್ನಡ ಶಾಲೆಯಲ್ಲಿ ಓದಿದ್ದಾರೆ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ. ಇಲ್ಲಿ ಕೂತ ನಿಮ್ಮಲ್ಲಿ ಕೆಲವರಿಗಿಂತ ಚೆನ್ನಾಗಿ ಕನ್ನಡ ಬರೆಯುವವರು ಅವರಲ್ಲಿದ್ದಾರೆ, ಬೇಸರ ಮಾಡಿಕೊಳ್ಳಬೇಡಿ! ಆದರೂ ಜಾತಿ ಪ್ರಮಾಣಪತ್ರಕ್ಕೆ ತಾಲೂಕು ಕಚೇರಿಗೆ ಅಲೆಯಬೇಕಾಗಿ ಬಂತು. ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ, ಅವರು ಯಾವ ರಾಜ್ಯದವರು? ಹುಟ್ಟಿದ್ದು ಸಿಲೋನು, ಮೂಲ ತಮಿಳುನಾಡು, ಬದುಕು ಸುಳ್ಯ. ಜಾಗ ಕೇಳಿದರೆ ಅದು ಅರಣ್ಯ ಭೂಮಿ. ರಬ್ಬರಿನ ಬೆಲೆ ಬಿದ್ದಾಗ ಮೊದಲು ನಡುಗುವುದು ಅವರ ಒಲೆ. ಬಿಟ್ಟು ಬಂದ ಶ್ರೀಲಂಕಾದಲ್ಲಾದರೂ, ಉಳಿದವರಿಗೆ 2003ರಲ್ಲಿ ಕಾಯ್ದೆ ಮಾಡಿ ಪೌರತ್ವ ಕೊಟ್ಟರು.

ನಮ್ಮ ಕೊಡಗಿಗೆ ಬನ್ನಿ. ಅಲ್ಲಿ ಲೈನ್ ಮನೆಗಳಲ್ಲಿ ತಲೆತಲಾಂತರದಿಂದ ಇದ್ದವರು ಯರವರು, ಜೇನುಕುರುಬರು. ಇವರಿಗಿಂತ ಮಣ್ಣಿನ ಮಕ್ಕಳು ಬೇಕೇ? ಇವರು ಹೊರಗಿನವರಲ್ಲ, ವಲಸೆ ಬಂದವರಲ್ಲ. ಸಾಲದ ಹೆಸರಿನಲ್ಲಿ ತೋಟಕ್ಕೆ ಕಟ್ಟುಬಿದ್ದವರು. ಅವರಲ್ಲಿ ಕೆಲವರು ಲೈನ್ ಮನೆ ಬಿಟ್ಟು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದಾಗ, 2016ರ ಡಿಸೆಂಬರಿನ ಚಳಿಯಲ್ಲಿ, ಸರಕಾರ ಆ ಗುಡಿಸಲುಗಳನ್ನು ಕೆಡವಿತು. ಹೋರಾಟ ಜೋರಾದ ಮೇಲೆ ಬೇರೆ ಕಡೆ ಜಾಗ ಕೊಟ್ಟರು. ಆಗ ನಾವು, ಕನ್ನಡದ ಹೆಸರಿನಲ್ಲಿ ಸಭೆ ಮಾಡುವವರು, ಎಷ್ಟು ಜನ ದಿಡ್ಡಳ್ಳಿಗೆ ಹೋದೆವು? ಮಣ್ಣಿನ ಮಗನಿಗೆ ಕೆಲಸ ಕೊಡಿ ಎನ್ನುವ ನಾವು ಮಣ್ಣಿನ ಮಗನಿಗೆ ಮಣ್ಣು ಕೊಡಿ ಎಂದು ಕೇಳುವುದು ಯಾವಾಗ?

ಅದೇ ಸರಕಾರ 2020ರ ಬಳಿಕ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಸರಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ದಾರಿ ಮಾಡಿತು. ಲೈನ್ ಮನೆಯ ಯರವನಿಗೆ ಐದು ಸೆಂಟ್ಸಿಗೆ ಕಾನೂನು ಅಡ್ಡ, ಒತ್ತುವರಿದಾರನಿಗೆ 25 ಎಕರೆಗೆ ಕಾನೂನೇ ಏಣಿ! ಸಣ್ಣ ಬೆಳೆಗಾರನ ಎರಡು ಮೂರು ಎಕರೆಯ ಕಷ್ಟ ಬೇರೆ, ಅದನ್ನು ನಾನು ಆಡಿಕೊಳ್ಳುವುದಿಲ್ಲ. 25 ಎಕರೆಯವನು ಸಣ್ಣವನಲ್ಲ. 2020ರಲ್ಲೇ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನೂ ಕಿತ್ತುಹಾಕಿದರು. ಈಗ ಕೃಷಿಕನಲ್ಲದವನೂ, ಎಷ್ಟೇ ಆದಾಯದವನೂ ಗದ್ದೆ ಕೊಳ್ಳಬಹುದು. ನಮ್ಮ ಜಿಲ್ಲೆಯಲ್ಲಿ ಕುಮ್ಕಿ ವರ್ಗದಾರರ ಕೈಯಲ್ಲೇ ಉಳಿದಿದೆ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದೇ ಇಟ್ಟ ಡಿ.ಸಿ. ಮನ್ನಾ ಭೂಮಿಯನ್ನು ಹಂಚಿ ಎಂದು ದಲಿತ ಸಂಘಟನೆಗಳು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತು ಕೂತು ಸುಸ್ತಾದವು.

ಈ ಸುತ್ತಮುತ್ತಲೇ ನೋಡಿ. ಬಂದರಿಗಾಗಿ ಪಣಂಬೂರು, ಬೈಕಂಪಾಡಿಯಿಂದ ಎಬ್ಬಿಸಿದವರು ಕಾಟಿಪಳ್ಳ, ಕೃಷ್ಣಾಪುರದ ಬ್ಲಾಕುಗಳಿಗೆ ಹೋದರು. ಆಮೇಲೆ ತೈಲಾಗಾರ ಬಂತು, ವಿಶೇಷ ಆರ್ಥಿಕ ವಲಯ ಬಂತು. ಡಿಕ್ಲರೇಶನ್‌ನಲ್ಲಿ ಗೆದ್ದ ಗದ್ದೆ ಒಂದೇ ತಲೆಮಾರಿನಲ್ಲಿ ನೋಟಿಸಿನಲ್ಲಿ ಹೋಯಿತು. ಒಕ್ಕಲಿನವನಿಗೆ ಪರಿಹಾರದ ಚೆಕ್ಕಾದರೂ ಬಂತು. ಅವನ ಗದ್ದೆಯಲ್ಲಿ ನೇಜಿ ನೆಡುತ್ತಿದ್ದವಳಿಗೆ ಏನು ಬಂತು? ಏನೂ ಇಲ್ಲ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಪರಿಹಾರವೂ ಇಲ್ಲ.

ಈಗ ಅಸ್ಸಾಮಿನವರ ಪ್ರಶ್ನೆ. ಧಣಿ ಅವರನ್ನೇ ಯಾಕೆ ಕರೆಸುತ್ತಾನೆ? ಪ್ರೀತಿಯಿಂದಲ್ಲ. ಊರಿನವನು ಸಾಲದ ಸಂಘದಿಂದ ಬರುತ್ತಾನೆ, ಪಂಚಾಯತಿಯಲ್ಲಿ ಓಟು ಹಾಕುತ್ತಾನೆ, ಯೂನಿಯನ್ ಬಾಗಿಲು ತಟ್ಟುತ್ತಾನೆ, ಕೂಲಿ ಕಡಿಮೆಯಾದರೆ ನಾಳೆ ಬರುವುದಿಲ್ಲ. ಅಸ್ಸಾಮಿನವನಿಗೆ ಇಲ್ಲಿ ಓಟಿಲ್ಲ, ಕಾರ್ಮಿಕ ಇನ್‌ಸ್ಪೆಕ್ಟರನ ಭಾಷೆ ಬಾರದು, ಗುತ್ತಿಗೆದಾರನೇ ಅವನ ಬಾಯಿ. ಗದ್ದಲ ಮಾಡಿದರೆ ಒಂದೇ ಮಾತು ಸಾಕು: “ನೀನು ಬಾಂಗ್ಲಾದೇಶಿ, ಪೊಲೀಸರಿಗೆ ಹೇಳುತ್ತೇನೆ.” ಆ ಒಂದು ಮಾತು ಧಣಿಯ ಕೈಗೆ ಚಾವಟಿ. ನಾವು ಬೀದಿಯಲ್ಲಿ ನಿಂತು ಅದೇ ಮಾತನ್ನು ಕೂಗಿದಾಗ ಆ ಚಾವಟಿಗೆ ಎಣ್ಣೆ ಹಚ್ಚಿದ ಹಾಗೆ. ಅವನು ಹೆದರಿದಷ್ಟೂ ಅಗ್ಗವಾಗುತ್ತಾನೆ. ಅವನು ಅಗ್ಗವಾದಷ್ಟೂ ನಮ್ಮ ಯರವನಿಗೆ, ನಮ್ಮ ಹಾಸನದ ಕೂಲಿಯವಳಿಗೆ ಕೆಲಸ ಇಲ್ಲ. ಇಷ್ಟು ಸರಳ ಲೆಕ್ಕ ನಮಗೆ ಯಾಕೆ ಅರ್ಥವಾಗುವುದಿಲ್ಲ?

1991ರ ಡಿಸೆಂಬರಿನ ಕಾವೇರಿ ಗಲಭೆಯನ್ನು ನಿಮ್ಮ ಅಪ್ಪಂದಿರನ್ನು ಕೇಳಿ. ಬೆಂಗಳೂರಿನಲ್ಲಿ ಸುಟ್ಟದ್ದು ಯಾರ ಮನೆ? ಗುಡಿಸಲಿನವರದ್ದು, ಕೂಲಿಯವರದ್ದು. ನೀರಿನ ತೀರ್ಪು ಬರೆದವರದ್ದಲ್ಲ, ರಾಜಕಾರಣಿಗಳದ್ದಲ್ಲ. 2012ರ ಆಗಸ್ಟಿನಲ್ಲಿ ಒಂದು ಸುಳ್ಳು ಎಸ್ಸೆಮ್ಮೆಸ್ಸಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಅದರಿಂದ ಕನ್ನಡಕ್ಕೆ ಒಂದಕ್ಷರದ ಲಾಭವಾಯಿತೇ?

ನಮ್ಮವರೂ ಹೊರಗೆ ಕೂಲಿಯವರೇ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಬಡವರು ಗೋವೆಯಲ್ಲಿ ಗಾರೆ ಹೊರುತ್ತಾರೆ, ಅಲ್ಲಿ ಅವರಿಗೆ ‘ಘಾಟಿ’ ಎಂಬ ಹೆಸರು. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು ಬುಲ್ಡೋಜರ್ ಹಾಕಿ ಕೆಡವಿದಾಗ ನಾವೆಲ್ಲ ಕಿರುಚಿದೆವು, ಸರಿಯಾಗಿಯೇ ಕಿರುಚಿದೆವು. ಅದೇ ಬಾಗಲಕೋಟೆ, ಗದಗದವನು ಇಲ್ಲಿ ಮಂಗಳೂರಿನಲ್ಲಿ ಕಲ್ಲು ಹೊರುವಾಗ “ಘಟ್ಟದವ” ಎಂದು ಮೂಗು ಮುರಿಯುವವರು ಈ ಸಭೆಯಲ್ಲಿ ಇಲ್ಲವೇ? ಅವನು ಆಡುವುದು ಕನ್ನಡ ಮಾರಾಯ್ರೇ, ಅಪ್ಪಟ ಕನ್ನಡ!

ಹೊರದೇಶದ ಒಂದು ಉದಾಹರಣೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ 2000ನೇ ಇಸವಿಯಿಂದ ಬಿಳಿಯರ ದೊಡ್ಡ ದೊಡ್ಡ ವಾಣಿಜ್ಯ ತೋಟಗಳನ್ನು ಸರಕಾರ ಕಸಿದು ಹಂಚಿತು. ಬಿಳಿಯರು ಹಿಂದೆ ಕಸಿದ ಭೂಮಿಯೇ ಅದು, ಹಂಚುವುದು ನ್ಯಾಯವೇ. ಆದರೆ ಆ ತೋಟಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಆಳುಗಳಲ್ಲಿ ಬಹಳ ಜನರ ಅಜ್ಜಂದಿರು ಮಲಾವಿ, ಮೊಜಾಂಬಿಕ್‌ನಿಂದ ಬಂದವರು. “ನೀವು ಪರದೇಶಿಗಳು, ಬಿಳಿಯರ ಆಳುಗಳು” ಎಂದು ಅವರನ್ನು ಹೊರಗಿಟ್ಟರು. ಕೆಲಸವೂ ಹೋಯಿತು, ಲೈನ್ ಮನೆಯೂ ಹೋಯಿತು, ಭೂಮಿ ಸಿಕ್ಕಿದ್ದು ಕೆಲವರಿಗೆ ಮಾತ್ರ. ಆ ಮಣ್ಣಿನಲ್ಲಿ ಬೆವರು ಸುರಿಸಿದವರಿಗೇ ಆ ಮಣ್ಣಿನ ಹಂಚಿಕೆಯಲ್ಲಿ ಜಾಗ ಇಲ್ಲ. ನಮ್ಮ 104ನೇ ಕಲಮು ಗಲಾಟೆ ಇಲ್ಲದೆ ಮಾಡಿದ್ದೂ ಹೆಚ್ಚು ಕಡಿಮೆ ಅದನ್ನೇ.

ಹಾಗಾದರೆ ಕನ್ನಡದವರು ಏನು ಕೇಳಬೇಕು? ಭಾಷೆಯಿಂದಲೇ ಶುರು ಮಾಡೋಣ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಅದ್ಭುತ ಮಾತಿತ್ತು. ಗುತ್ತಿಗೆದಾರ ಪ್ರತಿ ಆಳಿಗೂ ಫೋಟೋ ಅಂಟಿಸಿದ ಪಾಸ್‌ಪುಸ್ತಕ ಕೊಡಬೇಕು, ಕೂಲಿ ಎಷ್ಟು, ಎಷ್ಟು ದಿನ, ಏನು ಕಡಿತ ಎಂದು ಅದರಲ್ಲಿ ಬರೆಯಬೇಕು, ಹಿಂದಿ ಇಂಗ್ಲಿಷಿನ ಜೊತೆಗೆ ಆಳಿನ ಭಾಷೆಯಲ್ಲೂ ಬರೆಯಬೇಕು! ಅಂದರೆ ಗೋವೆಯ ಕನ್ನಡಿಗನಿಗೆ ಕನ್ನಡದಲ್ಲಿ, ಕೊಡಗಿನ ಅಸ್ಸಾಮಿಯನಿಗೆ ಅಸ್ಸಾಮಿಯಲ್ಲಿ. ಎಷ್ಟು ತೋಟಗಳಲ್ಲಿ ಆ ಪುಸ್ತಕ ಕಂಡಿರಿ? ನಾನಂತೂ ಒಂದೂ ಕಂಡಿಲ್ಲ. ಆ ಕಾಯ್ದೆಯನ್ನೂ, ಮನೆ, ಆಸ್ಪತ್ರೆ, ಶಿಶುಪಾಲನೆ ಕೊಡಬೇಕೆಂದಿದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯನ್ನೂ 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಸೇರಿಸುವಾಗ ಏನು ಉಳಿಯಿತು, ಏನು ಉದುರಿತು ಎಂದು ಕನ್ನಡದಲ್ಲಿ ಅಚ್ಚು ಹಾಕಿ ತೋಟದ ಗೇಟಿಗೆ ಅಂಟಿಸುವ ಕೆಲಸವನ್ನು ಸರಕಾರ ಮಾಡಲಿಲ್ಲ. ನಾವು ಮಾಡಬಹುದು. ಕೂಲಿಯ ಚೀಟಿ ಕನ್ನಡದಲ್ಲಿರಲಿ, ಕನ್ನಡ ಬಾರದವನಿಗೆ ಅವನ ಭಾಷೆಯಲ್ಲೂ ಇರಲಿ. ಸಂಜೆ ಒಂದು ಗಂಟೆ ಕನ್ನಡ ಕಲಿಸೋಣ. ಕನ್ನಡ ಕಲಿತ ಅಸ್ಸಾಮಿಯನಿಗೆ ಮೇಸ್ತ್ರಿ ಮೋಸ ಮಾಡುವುದು ಕಷ್ಟ. ಆಗ ಅವನು ಅಗ್ಗದ ಆಳಾಗಿ ಉಳಿಯುವುದಿಲ್ಲ, ಧಣಿಗೆ ಊರಿನವನೂ ಹೊರಗಿನವನೂ ಒಂದೇ ಬೆಲೆ. ಕನ್ನಡಿಗನಿಗೆ ಕೆಲಸ ಬೇಕೆಂದು ಕೇಳುವವರು ಮೊದಲು ಮಾಡಬೇಕಾದದ್ದು ಇದು.

ಎರಡನೆಯದು, 104ನೇ ಕಲಮಿನಿಂದ ಆ “38” ಎಂಬ ಅಂಕಿಯನ್ನು ತೆಗೆಯಿರಿ ಎಂದು ಕೇಳಬೇಕು. ತೋಟ ಒಡೆಯಿರಿ ಎಂದಲ್ಲ, ಅದು ಇನ್ನೊಂದು ದೊಡ್ಡ ಜಗಳ, ಅದಕ್ಕೆ ಇನ್ನೊಂದು ದಿನ ಬನ್ನಿ. ಒಂದು ಅಂಕಿ ಅಷ್ಟೇ. ಅದೊಂದು ಹೋದರೆ ಯರವನಿಗೂ, ಸಿಲೋನಿನಿಂದ ಬಂದವರ ಮೊಮ್ಮಗಳಿಗೂ, ಸಕಲೇಶಪುರದ ಲೈನಿನಲ್ಲಿ ಹುಟ್ಟಿದ ದಲಿತ ಹುಡುಗನಿಗೂ ಕೇಳಲು ಒಂದು ಕಾನೂನು ಸಿಗುತ್ತದೆ. ನಿಗಮದ ರಬ್ಬರ್ ಅರಣ್ಯ ಭೂಮಿಯಲ್ಲಿದೆ, ಅಲ್ಲಿ ಬೇರೆ ದಾರಿ ಹುಡುಕಬೇಕು, ಹತ್ತಿರದ ಕಂದಾಯ ಭೂಮಿಯಲ್ಲಿ ನಿವೇಶನ ಕೇಳಬೇಕು. ಸರಕಾರಿ ಜಾಗದಲ್ಲಿ ಮನೆ ಕಟ್ಟಿದವರಿಗೆ 94ಸಿಯಲ್ಲಿ ಹಕ್ಕುಪತ್ರ ಕೊಡಲು ಬರುತ್ತದೆಂದಾದರೆ ಇವರಿಗೆ ಯಾಕೆ ಬರುವುದಿಲ್ಲ?

ಕುಳ್ಕುಂದದ ಹುಡುಗ ನಿರಂಜನ, 1941ರಲ್ಲಿ ಕಯ್ಯೂರಿನ ರೈತರ ಮೇಲೆ ನಡೆದದ್ದನ್ನು ಕನ್ನಡದಲ್ಲಿ ‘ಚಿರಸ್ಮರಣೆ’ ಎಂದು ಬರೆದ. ಕಯ್ಯೂರು ಆಗ ನಮ್ಮ ಜಿಲ್ಲೆಯ ಕಾಸರಗೋಡು ತಾಲೂಕು. ಗಲ್ಲಿಗೇರಿದ ನಾಲ್ವರು, 1943ರ ಮಾರ್ಚ್ 29ರಂದು, ಮಲಯಾಳಂ ಮಾತಾಡುವ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕರ್. ನಿರಂಜನ ಅವರ ಮನೆಮಾತನ್ನು ವಿಚಾರಿಸಲಿಲ್ಲ, ಗೇಣಿಯನ್ನು ವಿಚಾರಿಸಿದ. ಆ ಪುಸ್ತಕ ಕನ್ನಡದ ಹೆಮ್ಮೆ ಹೌದೋ ಅಲ್ಲವೋ ನೀವೇ ಹೇಳಿ.

ಇನ್ನು ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಆಗಲೇ ಇಬ್ಬರು ಕೈ ಎತ್ತಿದ್ದಾರೆ, ಸಿಟ್ಟಿನಲ್ಲೇ ಎತ್ತಿದ್ದಾರೆ, ಕೇಳಲಿ. ಅದಕ್ಕೆ ಮೊದಲು ಒಂದು ಮಾತು. ಮುಂದಿನ ಭಾನುವಾರ ಐವರ್ನಾಡಿನ ಕಡೆಯ ರಬ್ಬರ್ ಕಾಲೊನಿಗಳಿಗೆ ಹೋಗಿ, ಯಾರ ಮನೆಯಲ್ಲಿ ಯಾವ ದಾಖಲೆ ಇದೆ, ಯಾವುದು ಇಲ್ಲ ಎಂದು ಬರೆದುಕೊಂಡು ಬರಬೇಕೆಂದಿದ್ದೇವೆ. ಫಾರಂ ತುಂಬಲು ಬರುವ, ಕೈಬರಹ ಚೆನ್ನಾಗಿರುವ ಹತ್ತು ಜನ ಬೇಕು. ತಮಿಳು ಬಲ್ಲವರು ಇಬ್ಬರಾದರೂ ಜೊತೆಗಿರಲಿ, ಮುದುಕರು ಕನ್ನಡದಲ್ಲಿ ಪೂರ್ತಿ ಹೇಳುವುದಿಲ್ಲ. ಬರುವವರು ಹೆಸರನ್ನು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆಯಿರಿ. ಊಟ ಕಟ್ಟಿಕೊಂಡು ಬನ್ನಿ, ಅಲ್ಲಿಯವರ ಅಕ್ಕಿಗೆ ಕೈ ಹಾಕುವುದು ಬೇಡ.